ಕೀಲಿ ಹಾಕದ ಸೈಕಲ್

“ಸೈಕಲ್ ನನ್ನ ಕೈಯಾಗ ಕೊಡು, ನೀ ಹೋಗಿ ಜಾಗಾ ಹಿಡಿ,” ಎಂದರು ಶಿವರುದ್ರಪ್ಪ ಮಾಮಾ. “ಸಿಗ್ನಲ್ ಬಿದ್ದದ, ಮಗಳ. ಓಡು.”

ದೌಂಡ ಸ್ಟೇಶನ್ನಿನ ಗೇಟಿನಲ್ಲಿ ಸೈಕಲ್ಲಿನ ಹ್ಯಾಂಡಲ್ಲನ್ನು ಅವರ ಕೈಗೆ ತಳ್ಳಿ ನಾನು ಓಡಿದೆ. ಜಾಗ ಹಿಡಿಯಲೇಬೇಕಿತ್ತು. ಏಳೂ ಐದರ ಪುಣೆ ಪ್ಯಾಸೆಂಜರ್, ಮೂರನೆಯ ಡಬ್ಬಿ, ಎಡಗಡೆಯ ಕಿಟಕಿ. ಅದು ನನ್ನ ತಮ್ಮ ದಿಗಂಬರನ ಜಾಗ. ಒಂಬತ್ತು ವರ್ಷ ಅವನು ಅಲ್ಲೇ ಕೂತು ಪುಣೆಗೆ ಹೋಗಿ ಬಂದ. ಅವನು ಸತ್ತು ಇವತ್ತಿಗೆ ಹದಿನೇಳು ದಿನ. ಹನ್ನೊಂದು ದಿನದಿಂದ ಅಲ್ಲಿ ನಾನು ಕೂರುತ್ತಿದ್ದೇನೆ.

ಹೆಂಗಸರ ಡಬ್ಬಿ ಬಿಟ್ಟು ಇಲ್ಲಿ ಯಾಕೆ ಎಂದು ಕೇಳಿದವರಿಗೆಲ್ಲ ಏನೇನೋ ಹೇಳಿದ್ದೇನೆ. ಅವ್ವ ಕಾಶವ್ವನಿಗೆ ಅವನ ಆಫೀಸಿನಿಂದ ಕಾಗದಪತ್ರ ತರಬೇಕೆಂದು ಸುಳ್ಳು ಹೇಳಿದೆ. ಖರೆ ಮಾತು ಒಂದೇ. ಅವನನ್ನು ಕೊಂದವನು ಇದೇ ಗಾಡಿಯಲ್ಲಿ ಪುಣೆಗೆ ಹೋಗುತ್ತಾನೆ. ಅವನಿಗೆ ದಿನಾ ಮುಂಜಾನೆ ನನ್ನ ಮೋರೆ ಕಾಣಬೇಕು. ಅವನ ಗಂಟಲಿನಲ್ಲಿ ಚಹಾ ಇಳಿಯಬಾರದು. ಹಾಗೆ ದಿನಾ ಸುಡುತ್ತಾ ಸುಡುತ್ತಾ ಒಂದು ದಿನ ಅವನು ತಪ್ಪು ಮಾಡಬೇಕು. ಅಲ್ಲಿಯವರೆಗೆ ನಾನು ಏಳೂ ಐದರ ಗಾಡಿ ಬಿಡುವುದಿಲ್ಲ.

ಗಾಡಿ ಅಲುಗಾಡಿದಾಗ ಮಾಮಾ ಏದುಸಿರು ಬಿಡುತ್ತಾ ಬಾಗಿಲಲ್ಲಿ ಹತ್ತಿದರು. ಅರವತ್ತೆರಡು ವರ್ಷದ ಮನುಷ್ಯ. ಅಪ್ಪನ ಗೆಳೆಯ. ಮೂವತ್ತು ವರ್ಷ ಪುಣೆಯಲ್ಲಿ ಹವಾಲ್ದಾರಕಿ ಮಾಡಿ, ದಿನಾ ದೌಂಡಿನಿಂದಲೇ ಹೋಗಿ ಬಂದು, ನಿವೃತ್ತರಾದವರು. ಈಗಲೂ ಮೊಣಕಾಲಿನ ಚಿಕಿತ್ಸೆಗೆಂದು ವಾರಕ್ಕೆ ಎರಡು ಸಲ ಇದೇ ಗಾಡಿ. ನಮ್ಮ ಊರಲ್ಲಿ ಕಳವಾದ ಎಮ್ಮೆಯಿಂದ ಹಿಡಿದು ಓಡಿಹೋದ ಅಳಿಯನವರೆಗೆ ಎಲ್ಲವನ್ನೂ ಹುಡುಕಿಕೊಡುವವರು ಅವರೇ. ಪೊಲೀಸರು ದಿಗಂಬರನ ವಿಷಯದಲ್ಲಿ ಕೈ ತೊಳೆದುಕೊಂಡ ದಿನ ಅವ್ವ ಅವರ ಕಾಲು ಹಿಡಿದಿದ್ದಳು. “ನಿನ್ನ ಮಗನ್ನ ಕೊಂದವನ್ನ ನಿನ್ನ ಮುಂದ ತಂದು ನಿಲ್ಲಸ್ತೀನಿ, ಕಾಶವ್ವಾ,” ಎಂದು ಮಾತು ಕೊಟ್ಟಿದ್ದರು.

ಅವರು ಎದುರು ಸೀಟಿನಲ್ಲಿ ಕೂತ ಮೇಲೆ ನನಗೆ ನೆನಪಾಯಿತು. ಸೈಕಲ್ಲಿನ ಕೀಲಿಕೈ ನನ್ನ ಮುಷ್ಟಿಯಲ್ಲೇ ಉಳಿದಿತ್ತು.

“ಮಾಮಾ, ಕೀಲಿಕೈ ನನ್ನ ಹಂತೇಕ ಅದ. ಸೈಕಲ್ ಹಂಗ ನಿಲ್ಲಿಸಿ ಬಂದ್ರೇನು?”

“ಚಿಂತಿ ಮಾಡಬ್ಯಾಡ. ಯಾರೂ ಒಯ್ಯಂಗಿಲ್ಲ.”

“ಕೀಲಿ ಇಲ್ದಂಗ?”

“ಒಯ್ಯಂಗಿಲ್ಲ ಅಂದ್ನೆಲ್ಲ.”

ಅವರು ಅಂಗಿಯ ಕಿಸೆಯಿಂದ ತಂಬಾಕಿನ ಡಬ್ಬಿ ತೆಗೆದು ತೊಡೆಯ ಮೇಲೆ ಬಡಿದರು. ಒಳಗೆ ಏನೋ ಕಟಕಟ ಅಂದಿತು. ಲವಂಗ ಇಟ್ಟುಕೊಂಡಿರಬೇಕು ಎಂದುಕೊಂಡೆ.

ಪಾಟಸ ದಾಟಿದ ಮೇಲೆ ಎಂದಿನಂತೆ ಇಸ್ಪೀಟು ಶುರುವಾಯಿತು. ನಾಲ್ಕು ಮೊಣಕಾಲುಗಳ ಮೇಲೆ ಒಂದು ಟವೆಲ್, ಅದರ ಮೇಲೆ ಎಲೆಗಳು. ಎಲೆ ಹಂಚುವವನು ಮಧ್ವೇಶ, ಲಕ್ಷ್ಮೀ ರೋಡಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ತನ್ನ ಊಟದ ಡಬ್ಬಿಗೂ ಕೀಲಿ ಹಾಕುವಷ್ಟು ಹುಷಾರಿ. ಅವನ ಪಕ್ಕದಲ್ಲಿ ಮಾಂತು, ಸ್ಟೀಲ್ ಪಾತ್ರೆ ಅಂಗಡಿಯ ಸೇಲ್ಸ್‌ಮನ್. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಆಚೆ ಮೂಲೆಯಲ್ಲಿ ಕಿವಿಗೆ ವೈರು ಹಾಕಿಕೊಂಡವನು ಅಮರ, ಹಾಸನದ ಕಡೆಯ ಸಾಫ್ಟ್‌ವೇರ್ ಹುಡುಗ. ಹೆಂಡತಿಗೆ ದೌಂಡಿನಲ್ಲಿ ರೈಲ್ವೆ ನೌಕರಿ, ಹಾಗಾಗಿ ಇವನೂ ದೌಂಡಿನವನಾದ. ಮಡಚುವ ಸೈಕಲ್ ಒಂದನ್ನು ಕೊಡೆಯಂತೆ ಮಡಚಿ ಸೀಟಿನ ಕೆಳಗೆ ತಳ್ಳಿರುತ್ತಾನೆ. ಹಡಪಸರದಲ್ಲಿ ಇಳಿದು, ಅದನ್ನೇ ಬಿಚ್ಚಿಕೊಂಡು ಆಫೀಸಿಗೆ ಹೋಗುತ್ತಾನೆ.

ಉಳಿದವರದು ಹಳೆಯ ಪದ್ಧತಿ. ಅಪ್‌ಡೌನ್ ಮಾಡುವ ಮನುಷ್ಯನಿಗೆ ಎರಡು ಸೈಕಲ್ ಬೇಕು. ಒಂದು ಮನೆಯಿಂದ ದೌಂಡ ಸ್ಟೇಶನ್ನಿಗೆ. ಇನ್ನೊಂದು ಪುಣೆಯ ಸ್ಟ್ಯಾಂಡಿನಲ್ಲಿ ರಾತ್ರಿಯೆಲ್ಲ ನಿಂತಿರುತ್ತದೆ. ಮುಂಜಾನೆ ಗಾಡಿ ಇಳಿದವನು ಅದನ್ನು ಬಿಚ್ಚಿಕೊಂಡು ಕೆಲಸಕ್ಕೆ ಹೋಗುತ್ತಾನೆ, ಸಂಜೆ ಮತ್ತೆ ತಂದು ನಿಲ್ಲಿಸಿ ಗಾಡಿ ಹಿಡಿಯುತ್ತಾನೆ. “ನನಗ ಎರಡು ಸಂಸಾರ ಅಕ್ಕಾ, ಒಂದರ ಮೋರೆ ಇನ್ನೊಂದಕ್ಕ ಗೊತ್ತಿಲ್ಲ,” ಎಂದು ದಿಗಂಬರ ನಗುತ್ತಿದ್ದ.

ಆ ಪುಣೆಯ ಸೈಕಲ್ಲೇ ಅವನಿಗೆ ಮುಳುವಾಯಿತು. ಅವನ ಹೆಣ ಉರಳಿಯ ಹತ್ತಿರ ಹಳಿಯ ಪಕ್ಕದಲ್ಲಿ ಸಿಕ್ಕಿತು. ಸೈಕಲ್ ಸ್ಟ್ಯಾಂಡಿನಲ್ಲಿ ಸುರಕ್ಷಿತವಾಗಿ ನಿಂತಿತ್ತು. ಸೈಕಲ್ ಬಿಟ್ಟ, ಗಾಡಿ ಹತ್ತಿದ, ಉರಳಿಯಲ್ಲಿ ತಾನಾಗಿಯೇ ಹಾರಿದ ಎಂದು ಕಾಗದದಲ್ಲಿ ಬರೆದರು. ನಾಳೆ ನಾನು ಸಹಿ ಹಾಕಿದರೆ ಫೈಲು ಮುಚ್ಚಿತು. ನನ್ನ ತಮ್ಮ ತಾನೇ ಜೀವ ಕಳೆದುಕೊಂಡ ಹೇಡಿ ಎಂದು ಸರ್ಕಾರಿ ಕಾಗದದಲ್ಲಿ ಕಾಯಂ ಆಗಿಬಿಡುತ್ತದೆ. ಕೊಂದವನು ಎಲೆ ಹಂಚುತ್ತಾ, ಶೇಂಗಾ ತಿನ್ನುತ್ತಾ ಹೋಗಿಬಂದು ಮಾಡುತ್ತಿರುತ್ತಾನೆ.

ಹಾರುವ ಹುಡುಗ ಹಿಂದಿನ ರಾತ್ರಿ ಹಾಗೆ ಮಾತಾಡುತ್ತಾನೆಯೇ? ಸದಾಶಿವ ಪೇಠೆಯ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಅವನದು. ಅಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆಗಳೂ ಅಚ್ಚಾಗುತ್ತಿದ್ದವು. “ಪೇಪರ್ ಹೊರಗ ಹೋಗಾಕತ್ತಾವ, ಅಕ್ಕಾ. ಒಯ್ಯಾಂವ ನಮ್ಮ ಗಾಡ್ಯಾಗ ಹೋಗಿ ಬರ್ತಾನ ಅಂತ ಸುಳಿವು ಸಿಕ್ಕದ. ನಾಳೆ ದೊಡ್ಡವರೊಬ್ಬರಿಗೆ ಹೇಳ್ತೀನಿ, ಅವರು ನೋಡ್ಕೋತಾರ,” ಎಂದಿದ್ದ. ಆ ನಾಳೆಯೇ ಅವನ ಕೊನೆಯ ದಿನವಾಯಿತು. ಮೂರು ದಿನದ ಹಿಂದೆ ಅವನ ರೇನ್‌ಕೋಟಿನ ಒಳಕಿಸೆಯಲ್ಲಿ ನನಗೊಂದು ಲಕೋಟೆ ಸಿಕ್ಕಿತು. ಎರಡು ಹಾಳೆ ಪ್ರಶ್ನೆಪತ್ರಿಕೆ, ಜೊತೆಗೆ ಅವನ ಕೈಬರಹದ ಚೀಟಿ. ‘ಒಯ್ಯಾಂವ ನಮ್ಮ ಗಾಡೀ ಮನಷ್ಯಾನ’ ಎಂದಷ್ಟೇ ಬರೆದಿದ್ದ. ಮಾಮಾನಿಗೆ ಮಾತ್ರ ಹೇಳಿದ್ದ ಆ ಲಕೋಟೆ ಈಗ ನನ್ನ ಬ್ಯಾಗಿನಲ್ಲಿತ್ತು.

ಆದರೆ ಇವತ್ತು ನನ್ನ ಹತ್ತಿರ ಅದಕ್ಕಿಂತ ಸಣ್ಣದೊಂದು ವಸ್ತು ಇತ್ತು.

ಕೇಡಗಾಂವ ಬಂತು, ಹೋಯಿತು. ಮಾಂತು ಏನೋ ಜೋಕು ಹೇಳಿ ತಾನೇ ನಗುತ್ತಿದ್ದ. ನಾನು ಮುಷ್ಟಿ ಚಾಚಿ, ಟವೆಲ್ಲಿನ ನಟ್ಟನಡುವೆ, ಎಲೆಗಳ ಮೇಲೆ ಅದನ್ನು ಬಿಟ್ಟೆ.

ಒಂದು ಹಿತ್ತಾಳೆಯ ಚೂರು. ಕಿರುಬೆರಳಿನ ಅರ್ಧವೂ ಇಲ್ಲ. ಸೈಕಲ್ ಟ್ಯೂಬಿನಲ್ಲಿ ಗಾಳಿ ಹಿಡಿದಿಡುವ ವಾಲ್ವ್.

“ಇದು ಯಾರದು?” ಎಂದೆ.

ಮಧ್ವೇಶ ಎಲೆಯಿಂದ ಕಣ್ಣೆತ್ತಿ ನೋಡಿದ, ಏನೂ ತಿಳಿಯದೆ ನನ್ನ ಮೋರೆ ನೋಡಿದ. ಅಮರ ಕಿವಿಯ ವೈರು ತೆಗೆದ. ತಂಬಾಕು ತಿಕ್ಕುತ್ತಿದ್ದ ಮಾಮಾನ ಹೆಬ್ಬೆರಳು ಅಂಗೈಯಲ್ಲಿ ನಿಂತಿತು. ನಾನು ಯಾವುದಕ್ಕೆ ಕಾದಿದ್ದೆನೋ ಅದು ಮಾಂತುವಿನ ಕಡೆಯಿಂದ ಬಂತು. ಅವನ ಬಲಗೈ ತಾನಾಗಿಯೇ ಎದ್ದು ಅಂಗಿಯ ಕಿಸೆಯನ್ನು ಮುಟ್ಟಿ ನೋಡಿಕೊಂಡಿತು.

ನಾನು ಆ ಕೈಯನ್ನು ಹಿಡಿದೆ. ಇನ್ನೊಂದು ಕೈಯನ್ನು ಅವನ ಕಿಸೆಗೆ ಹಾಕಿದೆ. ಇಂಥದ್ದೇ ಒಂದು ವಾಲ್ವ್ ಹೊರಗೆ ಬಂತು. ಆಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಅವನ ಕೆನ್ನೆಗೆ ಬಾರಿಸಿದ ಸದ್ದಿಗೆ ಇಡೀ ಡಬ್ಬಿ ನಮ್ಮ ಕಡೆ ತಿರುಗಿತು.

“ಕಾಯ ಝಾಲಂ, ತಾಈ?” ಎಂದು ಆಚೆ ಸಾಲಿನ ಹಾಲಿನವನು ಏನಾಯಿತೆಂದು ಮರಾಠಿಯಲ್ಲಿ ಕೇಳುತ್ತಾ ಎದ್ದು ನಿಂತ.

“ಕಾಹೀ ನಾಹೀ. ಘರಚಂ ಆಹೇ,” ಏನಿಲ್ಲ, ಮನೆಯ ಮಾತು ಎಂದು ಮಾಮಾ ಕೈ ಮಾಡಿ ಕೂರಿಸಿದರು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. “ಇದೇನು ಹೊಸಾದು, ಶೈಲಾ? ನನಗ ಹೇಳಿಲ್ಲಲ್ಲ.”

“ನಿಮಗೂ ಹೇಳಬಾರದಂತ ಮಾಡಿದ್ನಿ, ಮಾಮಾ. ನೀವು ಪೊಲೀಸ್ ಮಂದಿ. ತಡಿ, ತಾಳು ಅಂತಿದ್ರಿ. ಇವನ ಕೈ ತಾನ ಮಾತಾಡಬೇಕಿತ್ತು ನನಗ.”

ಮಾಮಾ ಅಂಗೈಯ ತಂಬಾಕನ್ನು ಬಾಯಿಗೆ ಹಾಕಿಕೊಂಡರು.

ವಿಷಯ ಗೊತ್ತಾಗಿದ್ದು ನಿನ್ನೆ ಸಂಜೆ. ಫೈಲು ಮುಚ್ಚುತ್ತಿದ್ದಾರಲ್ಲ, ಹಾಗಾಗಿ ಇನ್ನು ಒಯ್ಯಬಹುದು ಎಂದು ದಿಗಂಬರನ ಪುಣೆಯ ಸೈಕಲ್ಲನ್ನು ನನಗೆ ಬಿಟ್ಟುಕೊಟ್ಟರು. ಅಲ್ಲಿಯವರೆಗೆ ಅದಕ್ಕೆ ಚೀಟಿ ಅಂಟಿಸಿ ಸ್ಟ್ಯಾಂಡಿನ ಮೂಲೆಯಲ್ಲಿ ನಿಲ್ಲಿಸಿದ್ದರು. ಮುಂದಿನ ಗಾಲಿ ನೆಲಕ್ಕೆ ಕೂತಿತ್ತು. ಪಂಚರ್ ಎಂದು ಎಲ್ಲರೂ ಅಂದುಕೊಂಡಿದ್ದರು. ಸ್ಟ್ಯಾಂಡಿನ ಬಾಯಲ್ಲಿ ಸೈಕಲ್ ರಿಪೇರಿ ಮಾಡುವ ಭೀಮಣ್ಣ, ಆಳಂದದ ಕಡೆಯವನು, ಬಗ್ಗಿ ನೋಡಿ ನನ್ನನ್ನು ಕರೆದ.

“ಪಂಚರ್ ಅಲ್ರಿ, ಅಕ್ಕಾರ. ವಾಲ್ವೇ ಇಲ್ಲ. ಯಾರೋ ಬಿಚ್ಕೊಂಡು ಹೋಗ್ಯಾರ.”

“ಕಳವು ಮಾಡ್ಯಾರೇನು?”

“ಎರಡು ರೂಪಾಯಿ ಸಾಮಾನ ಯಾರು ಕಳವು ಮಾಡ್ತಾರ್ರಿ? ಇದು ಹಳೇ ಮಂದಿ ಚಟ. ಕೀಲಿ ಇಲ್ಲದಾಗ ವಾಲ್ವ್ ಬಿಚ್ಚಿ ಕಿಸೇದಾಗ ಹಾಕ್ಕೊಂಡು ಗಾಡಿ ಹತ್ತೂದು. ಗಾಳಿ ಇಲ್ಲದ ಸೈಕಲ್ ಕಳ್ಳ ಹೆಂಗ ಹೊಡಕೊಂಡು ಹೋಗ್ತಾನ? ಮುಂಜಾನಿ ಬಂದು ಹಚ್ಚಿ, ಪಂಪ್ ಹೊಡದ್ರಾತು.”

ದಿಗಂಬರ ಯಾವತ್ತೂ ಹಾಗೆ ಮಾಡಿದವನಲ್ಲ. ಪಂಪ್ ಹೊಡೆಯುವುದೆಂದರೆ ಅವನಿಗೆ ಆಗದು. ಸರಪಳಿ ಹಾಕಿ ಕೀಲಿ ಜಡಿಯುತ್ತಿದ್ದ, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಅದನ್ನು ಅವನ ಹೆಣದ ಸೊಂಟದಿಂದ ಬಿಚ್ಚಿದವಳು ನಾನೇ. ಸರಪಳಿಯೋ, ಸೀಟಿನ ಕೆಳಗೆ ಸುತ್ತಿದ ಹಾಗೇ ಇತ್ತು.

ಅಂದರೆ ಆ ಸಂಜೆ ಸೈಕಲ್ ತಂದು ನಿಲ್ಲಿಸಿದವನು ದಿಗಂಬರನಲ್ಲ. ಪುಣೆಯೊಳಗೆ ಎಲ್ಲೋ ಅವನನ್ನು ಮುಗಿಸಿ, ಹೆಣವನ್ನು ಉರಳಿಯ ಹಳಿಗೆ ಒಯ್ದು ಹಾಕಿದವನೊಬ್ಬ, ಅವನು ಗಾಡಿ ಹತ್ತಿದನೆಂದು ಜನ ನಂಬಲಿ ಎಂದು ಸೈಕಲ್ಲನ್ನು ಸ್ಟ್ಯಾಂಡಿಗೆ ಹೊಡೆದುಕೊಂಡು ಬಂದ. ಮರುದಿನ ಪೊಲೀಸರು ಬರುವವರೆಗೆ ಅದು ಅಲ್ಲೇ ಇರಬೇಕು, ಕಳವಾಗಬಾರದು. ಕೀಲಿಕೈ ಸಿಗಲಿಲ್ಲ. ಆಗ ಅವನ ಕೈ ಮೊದಲಿಂದ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಬೇರೆಯವರಾಗಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ. ಅಪ್‌ಡೌನ್ ಮಾಡಿ ಮಾಡಿ ಸವೆದ ಕೈಗೆ ಮಾತ್ರ ಹೊಳೆಯುವ ಕೆಲಸ ಅದು.

“ಈಗೂ ಹಂಗ ಮಾಡೋರು ಯಾರದಾರ, ಭೀಮಣ್ಣಾ?”

“ಈಗೆಲ್ಲಾರೂ ಕೀಲಿ ಹಾಕ್ತಾರ್ರಿ. ದಿನಾ ಮುಂಜಾನಿ ನನ್ನ ಪಂಪ್ ಕೇಳಾಂವ ಒಬ್ಬನ. ಸ್ಟೀಲ್ ಅಂಗಡೀ ಮಾಂತು.”

ಭೀಮಣ್ಣನ ಹತ್ತಿರ ಎರಡು ರೂಪಾಯಿಗೆ ಒಂದು ವಾಲ್ವ್ ಕೊಂಡು ಇಟ್ಟುಕೊಂಡೆ. ರಾತ್ರಿಯೆಲ್ಲ ನಾನು ಆ ಹೆಸರನ್ನು ಜಗಿದೆ.

ಈಗ ಆ ಮಾಂತು ನನ್ನೆದುರು ಕೆನ್ನೆ ಹಿಡಿದುಕೊಂಡು ಕೂತಿದ್ದ. ಟವೆಲ್ ಜಾರಿ ಎಲೆಗಳೆಲ್ಲ ಕಾಲಡಿಗೆ ಬಿದ್ದಿದ್ದವು.

“ಅದು ನಂದ ಸೈಕಲ್ಲಿಂದು, ಅಕ್ಕಾರ,” ಎಂದ. “ನಿನ್ನೆ ಸಂಜಿ ಬಿಚ್ಕೊಂಡು ಬಂದೀನಿ. ಈಗ ಹೋಗಿ ಹಚ್ಚಬೇಕು. ದಿನಾ ಮಾಡ್ತೀನಿ. ಅದರಾಗೇನು ತಪ್ಪದ?”

“ದಿಗಂಬರನ ಸೈಕಲ್ಲಿಂದು ಎಲ್ಲಿ ಒಗದಿ?”

ಅವನ ಮೋರೆಯ ಬಣ್ಣ ಹೋಯಿತು. ನಾನು ಏನು ಹೇಳುತ್ತಿದ್ದೇನೆಂದು ಆಗ ಅವನಿಗೆ ತಿಳಿಯಿತು.

“ದಿಗ್ಯಾನ ಮ್ಯಾಲೆ ಕೈ ಮಾಡ್ತೀನೇನ್ರಿ ನಾನು? ಆ ದಿನ ನಾ ಪುಣೇದಾಗ ಇರಲೇ ಇಲ್ಲ. ಆಷಾಢ ಯಾತ್ರಿ ಪಾಲಖಿ ಸಾಸವಡದಾಗ ಇತ್ತು. ಎರಡು ದಿನಾ ಅಲ್ಲೇ ವಾರಕರಿ ಮಂದಿಗೆ ಭಾಕ್ರಿ ನೀಡ್ಕೋತ ಇದ್ದೆ.”

“ಯಾರು ನೋಡ್ಯಾರ?”

“ಲಕ್ಷಗಟ್ಟಲೆ ಮಂದಿ, ಅಕ್ಕಾರ. ಯಾರ ಹೆಸರ ಹೇಳಲಿ?”

“ಒಂದ ಹೆಸರ ಸಾಕು. ಹೇಳು.”

ಅವನು ಬಗ್ಗಿ ಕಾಲಡಿಯ ಎಲೆಗಳನ್ನು ಆಯತೊಡಗಿದ. ನನಗೆ ಒಳಗೊಳಗೇ ಖುಷಿಯಾಯಿತು ಎಂದು ಹೇಳಲು ನಾಚಿಕೆಯಿಲ್ಲ. ಹದಿನೇಳು ದಿನದಲ್ಲಿ ಮೊದಲ ಸಲ ನನ್ನ ಎದೆಯ ಮೇಲಿನ ಕಲ್ಲು ಒಂದು ಬೆರಳಷ್ಟು ಸರಿದಿತ್ತು. ಇವನನ್ನು ಅವ್ವನ ಮುಂದೆ ಬಗ್ಗಿಸಬೇಕು, ಇದೇ ಗಾಡಿಯ ಮಂದಿಯೆಲ್ಲ ಇವನ ಮೋರೆಗೆ ಉಗುಳುವುದನ್ನು ನಾನು ಕಣ್ಣಾರೆ ಕಾಣಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

“ಮೇಡಂ, ಒಂದ್ ನಿಮಿಷ,” ಎಂದ ಅಮರ. “ವಾಲ್ವ್ ತೆಗೆಯೋ ಹ್ಯಾಬಿಟ್ ಇದೆ ಅನ್ನೋದು ಪ್ರೂಫ್ ಆಗಲ್ಲ ಅಲ್ವಾ? ಇದನ್ನ ಮಾಡೋರು ಬೇರೆ ಯಾರಾದ್ರೂ ಇರಬಹುದು.”

“ನಿಮಗ ಗೊತ್ತಿಲ್ರಿ, ಸುಮ್ಮನ ಕೂಡ್ರಿ.”

“ಅವರ ಮಾತ ಖರೆ ಅದ, ಅಕ್ಕಾರ,” ಎಂದ ಮಾಂತು, ಮುಳುಗುವವನಂತೆ ಆ ಮಾತನ್ನು ಹಿಡಿದುಕೊಂಡು. “ಈ ಚಟ ನಂದೊಬ್ಬನದಲ್ಲ. ನನಗೂ ಯಾರೋ ಕಲಸ್ಯಾರಲ್ಲ. ನಾ ಹೊಸದಾಗಿ ಬಂದಾಗ ನನ್ನ ಸೈಕಲ್ ಕಳವಾಗಿತ್ತು, ಅವಾಗ—”

“ಬಾಯಿ ಮುಚ್ಚು.” ಮಾಮಾನ ಕೈ ಅವನ ಹೆಗಲ ಮೇಲೆ ಬಿತ್ತು. “ಏನ ಹೇಳೂದದ, ಪೊಲೀಸ್ ಚೌಕಿಯೊಳಗ ಹೇಳು. ಇಲ್ಲೆ ಮಂದಿ ಮುಂದ ತಮಾಷಿ ಬ್ಯಾಡ.”

ಮಾಂತು ಅವರನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ ಕೂತ. ಹವಾಲ್ದಾರಕಿ ಎಂದರೆ ಹೀಗಿರಬೇಕು ಎಂದು ನಾನು ಅಂದುಕೊಂಡೆ.

ಗಾಡಿ ಉರಳಿಗೆ ಬಂತು. ಸ್ಟೇಶನ್ ದಾಟಿದ ಮೇಲೆ ಕಬ್ಬಿನ ಗದ್ದೆಯ ಪಕ್ಕದಲ್ಲಿ ಒಂದು ಬಿಳಿ ಕಲ್ಲು. ಅದರ ಹತ್ತಿರವೇ ಅವನು ಬಿದ್ದಿದ್ದ. ದಿನಾ ಆ ಕಲ್ಲು ಬಂದಾಗ ನಾನು ಅವರೆಲ್ಲರ ಮೋರೆ ನೋಡುತ್ತಿದ್ದೆ. ಇವತ್ತು ಮಾಂತುವಿನ ಮೋರೆ ಮಾತ್ರ ನೋಡಿದೆ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅಳು, ಇನ್ನೂ ಅಳು ಎಂದುಕೊಂಡೆ.

ಹಡಪಸರದಲ್ಲಿ ಅಮರ ತನ್ನ ಮಡಚಿದ ಸೈಕಲ್ ಎತ್ತಿಕೊಂಡು ಇಳಿದ. ಇಳಿಯುವ ಮೊದಲು ಬಗ್ಗಿ ಹೇಳಿದ. “ಮೇಡಂ, ಅವತ್ತು ಸಂಜೆ ನಾನು ಇಲ್ಲಿ ಹತ್ತಿದಾಗ ದಿಗಂಬರ್ ಸೀಟು ಖಾಲಿ ಇತ್ತು. ಮಾಂತುನೂ ಇರಲಿಲ್ಲ, ನಿಜ. ಆದ್ರೆ ಎರಡು ದಿನ ಮೊದಲಿಂದಾನೇ ಇರಲಿಲ್ಲ.” ನಾನು ತಲೆ ಆಡಿಸಿದೆ. ಆ ಮಾತು ಕಿವಿಯೊಳಗೆ ಹೋಯಿತು, ತಲೆಯೊಳಗೆ ಹೋಗಲಿಲ್ಲ.

ಪುಣೆ ಹತ್ತಿರ ಬಂದಾಗ ಮಾಮಾ ನನ್ನ ಕಡೆ ಬಾಗಿದರು.

“ಶಾಣ್ಯಾಕಿ ನೀನು. ಹೊಟ್ಟ್ಯಾಗ ಇಟ್ಕೊಂಡು ಕೆಲಸಾ ಮಾಡಿದಿ. ಇನ್ನ ಮುಂದಿಂದು ನನಗ ಬಿಡು. ಲಕೋಟಿ ಎಲ್ಲದ?”

“ಬ್ಯಾಗಿನ್ಯಾಗ.”

“ಕೊಡು. ಇವನ ಜೋಡಿ ಅದನ್ನೂ ಸಾಹೇಬರ ಮುಂದ ಇಡ್ತೀನಿ. ಫೈಲ ಮುಚ್ಚಾಕ ಬಿಡಂಗಿಲ್ಲ.”

ಕೊಟ್ಟೆ. ಎರಡು ಹಾಳೆ, ಒಂದು ಚೀಟಿ, ನನ್ನ ತಮ್ಮನ ಕೈಬರಹ. ಅದರ ನಕಲು ಕೂಡ ನನ್ನ ಹತ್ತಿರ ಇರಲಿಲ್ಲ.

“ದೌಂಡದ ಸೈಕಲ್ಲಿನ ಕೀಲಿಕೈನೂ ಕೊಡು. ನೀ ಇವತ್ತ ಊರಿಗೆ ಬರಬ್ಯಾಡ. ಸದಾಶಿವ ಪೇಠ್ಯಾಗ ನಿಮ್ಮ ಚಿಗವ್ವನ ಮಗಳು ಶೀತಲ್ ಅದಾಳಲ್ಲ, ಅಕಿ ಮನ್ಯಾಗ ಉಳಿ. ನಾಳೆ ಮುಂಜಾನೆ ಸಹಿಗೆ ನೀ ಇಲ್ಲೆ ಬೇಕಾಗ್ತಿ. ನಿನ್ನ ಸೈಕಲ್ ಸಂಜಿಗೆ ನಾ ಮನಿಗೆ ಮುಟ್ಟಸ್ತೀನಿ.”

ಎಷ್ಟು ಕಾಳಜಿ ಎಂದು ನನ್ನ ಕಣ್ಣು ತುಂಬಿತು. ಕೀಲಿಕೈಯನ್ನೂ ಕೊಟ್ಟೆ.

ಪ್ಲಾಟ್‌ಫಾರ್ಮಿನಲ್ಲಿ ಮಂದಿ ಒಬ್ಬರ ಮೇಲೊಬ್ಬರು ಬೀಳುತ್ತಾ ಇಳಿಯುತ್ತಿದ್ದರು. ಮಧ್ವೇಶ ಯಾರ ಕಣ್ಣಿಗೂ ಬೀಳದೆ ಜಾರಿಕೊಂಡ. ಮಾಮಾ ಮಾಂತುವಿನ ರಟ್ಟೆ ಹಿಡಿದಿದ್ದರು. ಮಾಂತು ಒಮ್ಮೆಲೇ ನನ್ನ ಕಾಲ ಹತ್ತಿರ ಬಗ್ಗಿದ.

“ಅಕ್ಕಾರ, ಬೇಕಾದ್ರ ನೀವ ನನ್ನ ಚೌಕಿಗೆ ಕರಕೊಂಡು ಹೋಗ್ರಿ. ಇವರ ಜೋಡಿ ಕಳಸಬ್ಯಾಡ್ರಿ.”

“ಯಾಕ, ಮಾಮಾ ಅಂದ್ರ ಹೆದರಿಕಿ ಬರ್ತದೇನು? ದಿಗಂಬರಗೂ ಹೆದರಿಕಿ ಬಂದಿರಬೇಕು,” ಎಂದೆ.

ಅವನು ಇನ್ನೇನೋ ಹೇಳಲಿದ್ದ. ಮಾಮಾ ಅವನನ್ನು ಎತ್ತಿ ನಿಲ್ಲಿಸಿ ಮಂದಿಯೊಳಗೆ ತಳ್ಳಿಕೊಂಡು ಹೋದರು. ನಾನು ನೋಡುತ್ತಾ ನಿಂತೆ. ಅವರ ಬಿಳಿ ಟೊಪ್ಪಿಗೆ ಕಾಣುವವರೆಗೂ ನೋಡಿದೆ.

ಸ್ಟ್ಯಾಂಡಿಗೆ ಬಂದಾಗ ಭೀಮಣ್ಣ ದಿಗಂಬರನ ಸೈಕಲ್ಲಿಗೆ ಹೊಸ ವಾಲ್ವ್ ಹಾಕಿ, ಗಾಳಿ ತುಂಬಿ, ಒರೆಸಿ ನಿಲ್ಲಿಸಿದ್ದ. ಉಡದಾರದ ಕೀಲಿಕೈಯಿಂದ ನಾನು ಸರಪಳಿ ಬಿಚ್ಚಿದೆ. ಆ ಕೀಲಿಕೈ ನೋಡಿದಾಗ ಇನ್ನೊಂದರ ನೆನಪಾಯಿತು. ದೌಂಡಿನಲ್ಲಿ ಸೈಕಲ್ ಕೀಲಿ ಇಲ್ಲದೆ ನಿಂತಿದೆ, ಸಂಜೆಯವರೆಗೆ ಯಾರ ಪಾಲಾಗುತ್ತದೋ. ಅಲ್ಲಿನ ಸ್ಟ್ಯಾಂಡು ನೋಡಿಕೊಳ್ಳುವ ನಾಗವ್ವನಿಗೆ ಫೋನ್ ಮಾಡಿದೆ.

“ನಾಗವ್ವಾ, ನಾ ಶೈಲಶ್ರೀ. ನನ್ನ ಸೈಕಲ್ಲಿಗೆ ಕೀಲಿ ಹಾಕಿಲ್ಲ. ಒಂದೀಟ ಒಳಗ ತಗೊಂಡ ಇಡ್ತಿಯೇನು?”

ಆಕೆ ನಕ್ಕಳು. “ಕೀಲಿ ಯಾಕ ಬೇಕವಾ ಅದಕ್ಕ? ನಿಮ್ಮ ಮಾಮಾ ಮುಂದಿನ ಗಾಲೀ ವಾಲ್ವ್ ಬಿಚ್ಕೊಂಡ ಓಡ್ಯಾರ. ಸೈಕಲ್ ಇಲ್ಲೆ ಕುಂತದ, ಸತ್ತ ಎಮ್ಮಿಗತೆ. ಯಾರ ಒಯ್ತಾರ ಅದನ್ನ?”

“ಏನಂದಿ?”

“ನೌಕರಿ ಇದ್ದಾಗೂ ಹಂಗ ಮಾಡ್ತಿದ್ರು. ಮೂವತ್ತ ವರ್ಷ ನೋಡೀನಿ. ಗಾಡಿ ಸೀಟಿ ಹೊಡ್ಯಾಕತ್ತಿತ್ತು, ಆದ್ರೂ ಕೈ ಬಿಡಲಿಲ್ಲ ನೋಡು. ಆ ಮಾಂತೂಗ ಕಲಸಿದವರೂ ಅವರ ಅಲ್ಲೇನು, ಅವನ ಸೈಕಲ್ ಕಳವಾದಾಗ.”

ನಾಗವ್ವ ಇನ್ನೂ ಮಾತಾಡುತ್ತಿದ್ದಳು. ನನಗೆ ಕೇಳಿಸುತ್ತಿದ್ದದ್ದು ಒಂದೇ ಸದ್ದು. ತಂಬಾಕಿನ ಡಬ್ಬಿಯ ಕಟಕಟ. ಅದು ಲವಂಗವಲ್ಲ. ನನ್ನದೇ ಸೈಕಲ್ಲಿನ ವಾಲ್ವ್ ನನ್ನ ಎದುರಿಗೇ ಕೂತು ಪುಣೆಯವರೆಗೆ ಬಂದಿತ್ತು.

ಕೀಲಿಕೈ ಇಲ್ಲದ ಸೈಕಲ್ ಕೈಗೆ ಬಂದಾಗ ಈ ಮನುಷ್ಯನ ಕೈ ಏನು ಮಾಡುತ್ತದೆ ಎಂದು ನನಗೆ ಈಗ ಗೊತ್ತಾಯಿತು. ಇವತ್ತು ಮುಂಜಾನೆ ಮಾಡಿತು. ಹದಿನೇಳು ದಿನದ ಹಿಂದೆಯೂ ಮಾಡಿತ್ತು. ‘ದೊಡ್ಡವರೊಬ್ಬರಿಗೆ ಹೇಳ್ತೀನಿ’ ಎಂದಿದ್ದ ನನ್ನ ಹುಚ್ಚು ತಮ್ಮ. ಊರಲ್ಲಿ ಪೊಲೀಸ್ ಎಂದರೆ ಅವನಿಗೆ ಗೊತ್ತಿದ್ದ ದೊಡ್ಡವರು ಇನ್ಯಾರು? ಸುಳಿವು ಸಿಕ್ಕಿತ್ತು, ಹೆಸರು ಸಿಕ್ಕಿರಲಿಲ್ಲ. ಯಾರನ್ನು ಹುಡುಕುತ್ತಿದ್ದನೋ ಅವರಿಗೇ ಹೋಗಿ ಹೇಳಿದ. ಡಬ್ಬಿಯ ಆ ಮೂವರನ್ನು ಹನ್ನೊಂದು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದೆ, ನಾಲ್ಕನೆಯವರನ್ನು ಎಣಿಸಲೇ ಇಲ್ಲ. ನನ್ನ ಅವ್ವ ಅವರ ಕಾಲು ಹಿಡಿದಳು. ಆ ಕಾಲನ್ನು ಅವರು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

ಇನ್ನು ಮಾಂತು. ನಾನೇ ಹೊಡೆದೆ, ನಾನೇ ಕೈ ಹಿಡಿದು ಒಪ್ಪಿಸಿದೆ. ಲಕೋಟೆಯನ್ನೂ ನಾನೇ ಕೊಟ್ಟೆ.

“ಭೀಮಣ್ಣಾ, ಮಾಂತೂನ್ನ ಕರಕೊಂಡು ಹೋದ ಹಿರಿಯರು ಚೌಕಿ ಕಡೆ ಹೋದ್ರೇನು?”

“ಚೌಕಿ ಎಡಕ್ಕದ, ಅಕ್ಕಾರ. ಅವರು ಬಲಕ್ಕ ಹೋದ್ರಲ್ರಿ, ಹಳೇ ಗೋದಾಮಿನ ಕಡೆ.”

ಕೈಯಲ್ಲಿದ್ದ ಫೋನು ಆಗಲೇ ರಿಂಗಾಯಿತು. ಮಾಮಾ.

“ಶೈಲಾ, ಆ ಭಾಡ್ಯಾ ಕೈ ಬಿಡಿಸ್ಕೊಂಡು ಓಡಿದ. ಗೋದಾಮಿನ ಹಿಂದ ಎಲ್ಲೋ ಅದಾನ. ನೀ ಲಗೂನ ಬಾ. ಒಬ್ಬಾಕೀನ ಬಾ, ಮಂದಿ ಕೂಡಿದ್ರ ಸಿಗಂಗಿಲ್ಲ. ದಿಗಂಬರನ ಸೈಕಲ್ ಹೊಡಕೊಂಡ ಬಾ, ಅದೂ ಪುರಾವೆಗೆ ಬೇಕು.”

ಅವರ ದನಿಯ ಹಿಂದೆ, ಫೋನಿನ ಹತ್ತಿರದಲ್ಲೇ, ಯಾರೋ ನರಳಿದರು. “ಅಕ್ಕಾ” ಎಂದು ಅರ್ಧ ಕೇಳಿಸಿತು, ಆಮೇಲೆ ಬಾಯಿ ಒತ್ತಿ ಹಿಡಿದ ಹಾಗೆ ನಿಂತಿತು. ಮಾಂತು ಎಲ್ಲಿಗೂ ಓಡಿರಲಿಲ್ಲ.

“ಬಂದೆ, ಮಾಮಾ,” ಎಂದೆ. ದನಿ ನಡುಗದಂತೆ ನೋಡಿಕೊಂಡೆ. ಅವರ ಹತ್ತಿರವೇ ಕಲಿತದ್ದು ಅದು.

ಸೈಕಲ್ ಹತ್ತಿದೆ. ಮುಂದಿನ ಗಾಲಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಸರಪಳಿಯನ್ನು ಸೀಟಿನ ಕೆಳಗೆ ಸುತ್ತಲಿಲ್ಲ, ಬಲಗೈಗೆ ಸುತ್ತಿಕೊಂಡೆ. ಭೀಮಣ್ಣ ಪಂಪ್ ಕೆಳಗಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದ.

“ಏನಾತ್ರಿ, ಅಕ್ಕಾರ? ಚೌಕಿಗೆ ಹೋಗಿ ಹೇಳಲೇನು?”

“ಹೇಳು. ಹಳೇ ಗೋದಾಮಿಗೆ ಬರ್ರಿ ಅನ್ನು,” ಎಂದೆ. “ಆದ್ರ ಹತ್ತ ನಿಮಿಷ ಬಿಟ್ಟು ಹೋಗು. ಆ ಹತ್ತ ನಿಮಿಷ ನಂದು.”